ಬೂಸ್ಟರ್ ಸೀಟು ಮತ್ತು ಸೀಟ್ ಬೆಲ್ಟು: ಕಾರಿನಲ್ಲಿ ಮಕ್ಕಳ ರಕ್ಷಣೆ

ಬೂಸ್ಟರ್ ಸೀಟು ಎಂದರೆ ಕಾರಿನ ಸೀಟಿನ ಮೇಲಿಟ್ಟು ಮಗುವನ್ನು ಕೂರಿಸುವ ಗಟ್ಟಿಯಾದ ಪೀಠ. ದೊಡ್ಡವರ ಅಳತೆಗೆ ಮಾಡಿದ ಸೀಟ್ ಬೆಲ್ಟು ಮಗುವಿನ ಮೈಮೇಲೆ ಸರಿಯಾದ ಜಾಗದಲ್ಲಿ ಹಾದುಹೋಗುವಂತೆ ಮಗುವನ್ನು ಒಂದಿಷ್ಟು ಮೇಲೆತ್ತುವುದಷ್ಟೇ ಅದರ ಕೆಲಸ. ಅಪಘಾತದ ಹೊತ್ತಿನಲ್ಲಿ ಮಗುವನ್ನು ಹಿಡಿದುಕೊಳ್ಳುವುದು ಬೆಲ್ಟು. ಆ ಬೆಲ್ಟು ಹೊಟ್ಟೆಯನ್ನಲ್ಲ, ಸೊಂಟದ ಮೂಳೆಯನ್ನು ಹಿಡಿಯುವಂತೆ ನೋಡಿಕೊಳ್ಳುವುದು ಬೂಸ್ಟರು. ಬೂಸ್ಟರಿನ ವಯಸ್ಸಿಗಿಂತ ಚಿಕ್ಕ ಮಕ್ಕಳಿಗೆ ಬಳಸುವುದನ್ನು ಮಾತಿನಲ್ಲಿ ಕಾರ್ ಸೀಟು, ಬೇಬಿ ಸೀಟು ಎನ್ನುತ್ತಾರೆ. ಅದಕ್ಕೆ ತನ್ನದೇ ಪಟ್ಟಿಗಳಿರುತ್ತವೆ. ಕಾರಿನ ಬೆಲ್ಟು ಆ ಸೀಟನ್ನು ಕಟ್ಟುತ್ತದೆ, ಸೀಟಿನ ಪಟ್ಟಿ ಮಗುವನ್ನು ಕಟ್ಟುತ್ತದೆ.

ಮೈಸೂರು ಜಿಲ್ಲೆಯ ದಕ್ಷಿಣ ಭಾಗದಲ್ಲಿ ಮಗುವಿನ ನಿಜವಾದ ಕಾರ್ ಸೀಟು ಮಡಿಲೇ. ನಂಜನಗೂಡಿನಲ್ಲಿ ಮುಡಿ ಕೊಟ್ಟು ಹೊರಟ ಮಗು ಅಜ್ಜಿಯ ತೊಡೆಯ ಮೇಲಿರುತ್ತದೆ. ಮಾದಪ್ಪನ ಬೆಟ್ಟಕ್ಕೆ ಹೋಗುವ ಮಗು ಅಪ್ಪನ ಪಕ್ಕ ಮುಂದಿನ ಸೀಟಿನಲ್ಲಿ, ಅಮ್ಮನ ತೋಳಿನೊಳಗೆ ಕೂತು ರಸ್ತೆ ನೋಡುತ್ತದೆ. ಆರೇಳು ವರ್ಷದ್ದಾದರೆ ಎರಡು ಸೀಟುಗಳ ನಡುವೆ ನಿಂತೇ ಬರುತ್ತದೆ. ಇದನ್ನು ಅಸಡ್ಡೆ ಎನ್ನುವುದು ತಪ್ಪಾಗುತ್ತದೆ, ಇದು ಅಕ್ಕರೆಯೇ. ತೊಂದರೆ ಏನೆಂದರೆ ಅಕ್ಕರೆಯ ಹಿಡಿತಕ್ಕೂ ಭೌತಶಾಸ್ತ್ರ ಕೇಳುವ ಹಿಡಿತಕ್ಕೂ ಬಹಳ ಅಂತರವಿದೆ.

ಸುತ್ತೂರಿನ ಆಸುಪಾಸಿನ ರಸ್ತೆಗಳು

ಕಪಿಲೆಯ ದಡದ ಸುತ್ತೂರು ಮೈಸೂರಿನಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ, ನಂಜನಗೂಡು ಮತ್ತು ತಿ. ನರಸೀಪುರಗಳ ನಡುವೆ ಇದೆ. 766ನೇ ರಾಷ್ಟ್ರೀಯ ಹೆದ್ದಾರಿ ಕೋಯಿಕ್ಕೋಡಿನಿಂದ ಹೊರಟು ಬಂಡೀಪುರ, ಗುಂಡ್ಲುಪೇಟೆ, ನಂಜನಗೂಡು ಹಾದು ಮೈಸೂರು ಮುಟ್ಟುತ್ತದೆ. ಅಲ್ಲಿಂದ ತಿರುಗಿ ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಇಳಿಯುತ್ತದೆ. ಹೀಗೆ ಒಂದೇ ಹೆದ್ದಾರಿಯ ಎರಡು ತೋಳುಗಳ ನಡುವೆ ಸಿಕ್ಕಿಕೊಂಡ ಊರು ಇದು. ಬಲಕ್ಕೆ ಹೋದರೂ ಎಡಕ್ಕೆ ಹೋದರೂ ಅದೇ ರಸ್ತೆ. ಜನವರಿ–ಫೆಬ್ರವರಿಯ ಜಾತ್ರೆಯಲ್ಲಿ ಸಾಮೂಹಿಕ ವಿವಾಹ, ರಥೋತ್ಸವ, ಕೊಂಡೋತ್ಸವ, ತೆಪ್ಪೋತ್ಸವ, ಕುಸ್ತಿ, ದನಗಳ ಜಾತ್ರೆ ಎಂದು ಆರು ದಿನ ಈ ಸಣ್ಣ ರಸ್ತೆಗಳ ಮೇಲೆ ಬಸ್ಸು, ಕಾರು, ಟೆಂಪೋ, ಟ್ರ್ಯಾಕ್ಟರುಗಳೆಲ್ಲ ಒಟ್ಟಿಗೆ ಓಡುತ್ತವೆ. ಬರುವವರಲ್ಲಿ ಹೆಚ್ಚಿನವರು ಮಕ್ಕಳುಮರಿಯೊಂದಿಗೆ ಬರುವ ಸಂಸಾರಗಳು.

ಈ ಸುತ್ತಿನ ಎರಡು ಅಪಘಾತಗಳು ಇತ್ತೀಚಿನ ವರ್ಷಗಳಲ್ಲಿ ದೇಶದ ಗಮನಕ್ಕೆ ಬಂದವು. 2022ರ ಡಿಸೆಂಬರ್ 27ರಂದು ಪ್ರಧಾನಿಯವರ ಸೋದರ ಪ್ರಹ್ಲಾದ ಮೋದಿ ಅವರು ಮಗ, ಸೊಸೆ, ಮೊಮ್ಮಗನೊಂದಿಗೆ ಬಂಡೀಪುರದ ಕಡೆ ಹೊರಟಿದ್ದಾಗ ಮೈಸೂರು–ನಂಜನಗೂಡು ನಡುವಿನ ಕಡಕೊಳದ ಬಳಿ ಅವರ ಕಾರು ರಸ್ತೆಯ ಡಿವೈಡರಿಗೆ ಬಡಿಯಿತು. ಎಲ್ಲರೂ ಬದುಕಿದರು, ಎಳೆಯ ಮೊಮ್ಮಗನ ಕಾಲಿಗೆ ಪೆಟ್ಟಾಯಿತು. ಅವರನ್ನು ಸೇರಿಸಿದ್ದು ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಗೆ, ಅಂದರೆ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಸ್ಥಾಪಿಸಿದ ಮಹಾವಿದ್ಯಾಪೀಠದ ಆಸ್ಪತ್ರೆಗೆ. ಐದು ತಿಂಗಳ ನಂತರ, 2023ರ ಮೇ 29ರಂದು, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಳಿ ಕಾರಿಗೂ ಖಾಸಗಿ ಬಸ್ಸಿಗೂ ಮುಖಾಮುಖಿ ಢಿಕ್ಕಿಯಾಗಿ ಬಳ್ಳಾರಿ ಕಡೆಯಿಂದ ಪ್ರವಾಸ ಬಂದಿದ್ದ ಹತ್ತು ಜನ ತೀರಿಕೊಂಡರು. ಸತ್ತವರಲ್ಲಿ ಮಕ್ಕಳೂ ಇದ್ದರು. ಬಸ್ಸಿಗೆ ನೇರವಾಗಿ ನುಗ್ಗಿದ ಕಾರಿನಲ್ಲಿ ಬೆಲ್ಟು ಎಷ್ಟರಮಟ್ಟಿಗೆ ಕಾಯುತ್ತಿತ್ತು ಎಂದು ಹೇಳಲಾಗದು. ಬೆಲ್ಟಿಗೂ ಬೂಸ್ಟರಿಗೂ ಮಿತಿಗಳಿವೆ, ಒಳಗಿನ ಜಾಗವೇ ನಜ್ಜುಗುಜ್ಜಾದಾಗ ಅವು ಕೈಚೆಲ್ಲುತ್ತವೆ. ಕಾರಿನೊಳಗೆ ಮೈಗೆ ಬೇಕಾದಷ್ಟು ಜಾಗ ಉಳಿದ ಅಪಘಾತಗಳಲ್ಲಿ ಬದುಕು ಸಾವನ್ನು ತೀರ್ಮಾನಿಸುವುದು ಮಾತ್ರ ಅವೇ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಹದಿನೆಂಟು ತುಂಬದವರು 9,528, ಅಂದರೆ ದಿನಕ್ಕೆ ಇಪ್ಪತ್ತಾರು ಮಕ್ಕಳು. ಅದೇ ವರ್ಷ ಬೆಲ್ಟು ಹಾಕದೆ ಸತ್ತವರು 16,715. ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಓಡಿಸುತ್ತಿದ್ದವರಲ್ಲ, ಪಕ್ಕದಲ್ಲೋ ಹಿಂದೆಯೋ ಕೂತಿದ್ದವರು. ಮಕ್ಕಳ ಲೆಕ್ಕದಲ್ಲಿ ನಡೆದು ಹೋಗುತ್ತಿದ್ದವರು, ಬೈಕಿನ ಮೇಲಿದ್ದವರು ಎಲ್ಲರೂ ಸೇರಿದ್ದಾರೆ ಎಂಬುದನ್ನು ಮರೆಯಬಾರದು.

ಮಡಿಲು ಏಕೆ ಸಾಲದು

ಗಂಟೆಗೆ 50 ಕಿಲೋಮೀಟರ್ ಓಡುವ ಕಾರಿನೊಳಗಿನ ಮಗುವೂ ಅದೇ 50ರಲ್ಲಿ ಓಡುತ್ತಿರುತ್ತದೆ. ಕಾರು ಮರಕ್ಕೆ ಬಡಿದು ನಿಂತರೂ ಮಗು ನಿಲ್ಲುವುದಿಲ್ಲ. ಏನಾದರೂ ಅಡ್ಡ ಬಂದು ತಡೆಯುವವರೆಗೆ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಅದನ್ನು ತಡೆದು ನಿಲ್ಲಿಸಬೇಕಾದರೆ ಅದರ ತೂಕದ ಹದಿನಾಲ್ಕು ಪಟ್ಟು ಬಲ ಬೇಕು. ಹತ್ತು ಕಿಲೋ ತೂಗುವ ಕೂಸು ಆ ಕ್ಷಣದಲ್ಲಿ ನೂರನಲವತ್ತು ಕಿಲೋ ಎಳೆಯುತ್ತದೆ, ಹೆಚ್ಚುಕಮ್ಮಿ ಎರಡು ಮೂಟೆ ಭತ್ತದ ತೂಕ. ಓಡುತ್ತಿರುವ ಲಾರಿಯಿಂದ ಎರಡು ಮೂಟೆ ಭತ್ತ ಎದೆಗೆ ಬಿದ್ದರೆ ಹಿಡಿದು ನಿಲ್ಲಿಸುತ್ತೇನೆ ಎನ್ನುವ ಧೈರ್ಯ ಯಾವ ತಾಯಿಗೂ ಇರಲಾರದು. ಕೂಸು ಎಂದಾಗ ಮಾತ್ರ ತೋಳು ಸಾಕು ಅನ್ನಿಸುತ್ತದೆ.

ಎತ್ತರದ ಲೆಕ್ಕದಲ್ಲಿ ಹೇಳಿದರೆ ಇನ್ನೂ ಸಲೀಸು. 50 ಕಿಲೋಮೀಟರ್ ವೇಗದ ಢಿಕ್ಕಿ ಎಂದರೆ ಸುಮಾರು ಹತ್ತು ಮೀಟರ್ ಎತ್ತರದಿಂದ, ಮೂರನೇ ಅಂತಸ್ತಿನಿಂದ, ಬಿದ್ದಷ್ಟು ಪೆಟ್ಟು. ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟಾಗುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರನ ರಾಜಗೋಪುರ ಸುಮಾರು 120 ಅಡಿ. ಅದರ ತುದಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗ ಗಂಟೆಗೆ 96 ಕಿಲೋಮೀಟರ್ ಚಿಲ್ಲರೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಕಾನೂನು ಒಪ್ಪುವ ಗರಿಷ್ಠ ವೇಗ 100. ಗೋಪುರದ ತುದಿಯಲ್ಲಿ ಮಗುವನ್ನು ಬರಿಗೈಯಲ್ಲಿ ಹಿಡಿದು ನಿಲ್ಲುವವರಿಲ್ಲ. ಆ ಎತ್ತರವನ್ನು ರಸ್ತೆಯ ಮೇಲೆ ಮಲಗಿಸಿದರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಮಡಿಲಲ್ಲಿ ಕೂತ ಮಗುವಿಗೆ ಇನ್ನೂ ಒಂದು ಅಪಾಯವಿದೆ. ಹಿಡಿದವರು ಬೆಲ್ಟು ಹಾಕಿರದಿದ್ದರೆ ಅವರ ಮೈಯೇ ಮಗುವಿನ ಮೇಲೆ ಬಂದು ಬೀಳುತ್ತದೆ. ಮಗು ಅವರಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಸಿಕ್ಕುತ್ತದೆ. ಒಂದೇ ಬೆಲ್ಟನ್ನು ತಾಯಿ ಮಗು ಇಬ್ಬರಿಗೂ ಸೇರಿಸಿ ಹಾಕಿದರೂ ಆಗುವುದು ಇದೇ, ಆಗ ಮಗುವನ್ನು ಜಜ್ಜುವುದು ಬೆಲ್ಟು ಮತ್ತು ತಾಯಿಯ ತೂಕ ಎರಡೂ. ಇನ್ನು ಮುಂದಿನ ಸೀಟಾದರೆ ಏರ್‌ಬ್ಯಾಗು ಇದೆ. ಬೆಲ್ಟು ಹಾಕಿ ಕೂತ ದೊಡ್ಡವರನ್ನು ಉಳಿಸುವ ಈ ಚೀಲ ಕಣ್ಣು ಮಿಟುಕಿಸುವುದಕ್ಕೆ ಮೊದಲೇ ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಉಬ್ಬುತ್ತದೆ. ತೊಡೆಯ ಮೇಲಿನ ಮಗುವಿನ ತಲೆ ಸರಿಯಾಗಿ ಅದರ ದಾರಿಯಲ್ಲೇ ಇರುತ್ತದೆ. ಹಿಂದಕ್ಕೆ ಮುಖ ಮಾಡಿದ ಶಿಶುವಿನ ಸೀಟನ್ನು ಏರ್‌ಬ್ಯಾಗಿನ ಮುಂದೆ ಇಡಲೇಬಾರದು ಎಂಬುದಕ್ಕೂ ಇದೇ ಕಾರಣ.

ಮಗುವಿನ ಮೈ, ದೊಡ್ಡವರ ಬೆಲ್ಟು

ಇಂದಿನ ಮೂರು ಕಡೆ ಬಿಗಿಯುವ ಬೆಲ್ಟನ್ನು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. 1959ರಲ್ಲಿ ಅದು ಕಾರುಗಳಲ್ಲಿ ಬಂತು. ದೇಹದ ಗಟ್ಟಿ ಮೂಳೆಗಳನ್ನು ಹಿಡಿದುಕೊಂಡರೆ ಮೆತ್ತನೆಯ ಅಂಗಗಳು ಉಳಿಯುತ್ತವೆ ಎಂಬುದು ಅದರ ಹಿಂದಿನ ಯುಕ್ತಿ. ಕೆಳಪಟ್ಟಿ ಸೊಂಟದ ಮೂಳೆಯ ಎರಡು ಮೊನೆಗಳಿಗೆ ತಗುಲಿ ನಿಲ್ಲಬೇಕು, ಮೇಲ್ಪಟ್ಟಿ ಎದೆಯ ನಡುವಿನಿಂದ ಹಾದು ಭುಜದ ಮೂಳೆಯ ಮೇಲೆ ಕೂರಬೇಕು. ಮಗುವಿನಲ್ಲಿ ಈ ಎರಡು ಲೆಕ್ಕವೂ ತಪ್ಪುತ್ತದೆ. ಸೊಂಟದ ಮೂಳೆಯ ಆ ಮೊನೆಗಳು ಹತ್ತು ವರ್ಷದ ಆಸುಪಾಸಿನವರೆಗೂ ಪೂರ್ತಿ ಬಲಿತಿರುವುದಿಲ್ಲ, ಪಟ್ಟಿಗೆ ಕೊಕ್ಕೆಯಂತೆ ಸಿಕ್ಕುವುದಿಲ್ಲ. ಅದರ ಮೇಲೆ ಮಗುವಿನ ತೊಡೆ ಸೀಟಿನ ಉದ್ದಕ್ಕಿಂತ ಚಿಕ್ಕದು. ಮೊಣಕಾಲು ಮಡಿಸಿ ಕಾಲು ಕೆಳಗೆ ಬಿಡಬೇಕೆಂದು ಮಗು ತಾನಾಗಿಯೇ ಮುಂದಕ್ಕೆ ಜಾರಿ, ಬೆನ್ನು ಬಗ್ಗಿಸಿ ಕೂರುತ್ತದೆ. ಆಗ ಕೆಳಪಟ್ಟಿ ಹೊಟ್ಟೆಯ ಮೇಲಕ್ಕೇರುತ್ತದೆ, ಮೇಲ್ಪಟ್ಟಿ ಕತ್ತಿಗೆ ಉಜ್ಜುತ್ತದೆ. ಕತ್ತಿಗೆ ಚುಚ್ಚಿದ ಪಟ್ಟಿಯನ್ನು ಮಗು ಕಂಕುಳ ಕೆಳಗೋ ಬೆನ್ನ ಹಿಂದೋ ತಳ್ಳುತ್ತದೆ. ಅಲ್ಲಿಗೆ ಮೂರು ಕಡೆಯ ಬೆಲ್ಟು ಬರೀ ಹೊಟ್ಟೆಗೆ ಕಟ್ಟಿದ ಹಗ್ಗವಾಯಿತು.

ಇದರ ಫಲವನ್ನು ವೈದ್ಯರು ದಶಕಗಳಿಂದ ನೋಡುತ್ತಿದ್ದಾರೆ. ಢಿಕ್ಕಿಯ ಹೊತ್ತಿಗೆ ಮಗುವಿನ ಮೈ ಪಟ್ಟಿಯ ಅಡಿಯಲ್ಲಿ ಜಾರಿ, ಪಟ್ಟಿ ಹೊಟ್ಟೆಯನ್ನು ಬೆನ್ನುಮೂಳೆಯ ತನಕ ಒತ್ತಿ, ಕರುಳು ಹರಿಯುತ್ತದೆ. ಮೈಯ ಮೇಲ್ಭಾಗ ಪಟ್ಟಿಯ ಮೇಲೆ ಮಡಚಿಕೊಂಡು ಸೊಂಟದ ಕಶೇರು ಮುರಿಯುತ್ತದೆ. ಹೊಟ್ಟೆಯ ಮೇಲೆ ಅಡ್ಡಲಾಗಿ ಬಿದ್ದ ಕೆಂಪು ಬರೆ, ಒಳಗೆ ಹರಿದ ಕರುಳು, ಮುರಿದ ಬೆನ್ನು: ಈ ಮೂರನ್ನೂ ಸೇರಿಸಿ ವೈದ್ಯಶಾಸ್ತ್ರ ‘ಸೀಟ್ ಬೆಲ್ಟ್ ಸಿಂಡ್ರೋಮ್’ ಎಂದೇ ಹೆಸರಿಟ್ಟಿದೆ. ಹಾಗೆಂದು ಬೂಸ್ಟರ್ ಇಲ್ಲದಿದ್ದರೆ ಬೆಲ್ಟೇ ಬೇಡ ಎಂದು ತಿಳಿಯಬಾರದು. ಹೊಂದದ ಬೆಲ್ಟೂ ಬೆಲ್ಟಿಲ್ಲದ್ದಕ್ಕಿಂತ ಮೇಲು. ಆದರೆ ಏಳು ವರ್ಷದ ಮಗುವಿಗೆ ಬೆಲ್ಟು ಹಾಕಿ ‘ಎಲ್ಲ ಸರಿಯಾಯಿತು’ ಎಂದುಕೊಳ್ಳುವವರಿಗೆ ತಿಳಿದಿರಬೇಕಾದದ್ದು ಇದೇ: ಆ ಪಟ್ಟಿ ಅವರ ಮಗುವಿನ ಮೈಯನ್ನು ಅಳೆದು ಮಾಡಿದ್ದಲ್ಲ.

ಬೂಸ್ಟರ್ ಈ ಕೊರತೆಗೆ ಕೊಡುವ ಉತ್ತರ ಬಹಳ ಸರಳ, ಸರಳವಾದ್ದರಿಂದಲೇ ಬಹುಶಃ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಗು ಮೇಲೇರುತ್ತದೆ, ಭುಜ ಬೆಲ್ಟಿನ ಎತ್ತರಕ್ಕೆ ಬರುತ್ತದೆ. ಪೀಠದ ಉದ್ದ ಕಡಿಮೆ ಇರುವುದರಿಂದ ಮೊಣಕಾಲು ಅಂಚಿನಲ್ಲೇ ಮಡಿಯುತ್ತದೆ, ಜಾರಿ ಕೂರುವ ಅಗತ್ಯ ಬೀಳುವುದಿಲ್ಲ. ಪೀಠದ ಎರಡೂ ಬದಿಗೆ ಇರುವ ಕೊಕ್ಕೆ ಅಥವಾ ತೋಳುಗಳ ಅಡಿಯಲ್ಲಿ ಕೆಳಪಟ್ಟಿ ಹಾದು ತೊಡೆಯ ಬುಡಕ್ಕೆ ಕೂರುತ್ತದೆ. ಬೆನ್ನಿರುವ ಬೂಸ್ಟರು, ಬರೀ ಪೀಠದ ಬೂಸ್ಟರು ಎಂದು ಎರಡು ಬಗೆ. ಬೆನ್ನಿರುವುದು ಪಕ್ಕದಿಂದ ಬಂದು ಬಡಿದಾಗ ತಲೆಯನ್ನೂ ಕಾಯುತ್ತದೆ, ನಿದ್ದೆ ಹೋದ ಮಗುವನ್ನು ಓರೆಯಾಗಲು ಬಿಡುವುದಿಲ್ಲ. ಯುರೋಪಿನ ನಿಯಮದಲ್ಲಿ 2017ರಿಂದ ಹೊಸದಾಗಿ ಒಪ್ಪಿಗೆ ಪಡೆಯುವ ಬೆನ್ನಿಲ್ಲದ ಪೀಠಗಳು 22 ಕಿಲೋ ತೂಕ, 125 ಸೆಂಟಿಮೀಟರ್ ಎತ್ತರ ದಾಟಿದ ಮಕ್ಕಳಿಗೆ ಮಾತ್ರ.

ದಿಂಬು ಬೂಸ್ಟರಲ್ಲ. ನಮ್ಮ ಕಡೆ ಮಗುವಿಗೆ ಕಿಟಕಿ ಎಟುಕಲಿ ಎಂದು ದಿಂಬನ್ನೋ ಮಡಿಸಿದ ಜಮಖಾನವನ್ನೋ ಹಾಕುವ ರೂಢಿ ಇದೆ. ಢಿಕ್ಕಿಯಲ್ಲಿ ಅದು ಅಮುಕಿಕೊಂಡು ಮುಂದಕ್ಕೆ ಜಾರುತ್ತದೆ, ಬೆಲ್ಟು ಸಡಿಲವಾಗುತ್ತದೆ, ಮಗು ಪಟ್ಟಿಯ ಕೆಳಗೆ ನುಸುಳುತ್ತದೆ. ಬೂಸ್ಟರಿನ ಬೆಲೆ ಇರುವುದು ಎತ್ತರದಲ್ಲಲ್ಲ, ಆ ಗಟ್ಟಿತನದಲ್ಲಿ ಮತ್ತು ಪಟ್ಟಿಯನ್ನು ಹಿಡಿಯುವ ಕೊಕ್ಕೆಯಲ್ಲಿ.

ವಯಸ್ಸು, ತೂಕ, ಎತ್ತರ

ಹುಟ್ಟಿದ ಮಗುವಿನ ತಲೆ ಅದರ ಇಡೀ ಉದ್ದದ ಕಾಲು ಭಾಗ. ದೊಡ್ಡವರಲ್ಲಿ ಅದು ಏಳೆಂಟರಲ್ಲೊಂದು ಭಾಗವಷ್ಟೆ. ಕೂಸಿನ ಕತ್ತಿನ ಮೂಳೆಗಳ ನಡುವೆ ಇನ್ನೂ ಮೃದ್ವಸ್ಥಿಯೇ ಇರುತ್ತದೆ. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ಮೈಯನ್ನು ಪಟ್ಟಿ ಹಿಡಿದರೂ ತಲೆ ಮುಂದಕ್ಕೆ ಎಗರಿ ಇಡೀ ಎಳೆತ ಕತ್ತಿನ ಮೇಲೆ ಬೀಳುತ್ತದೆ. ಹಿಂದಕ್ಕೆ ಮುಖ ಮಾಡಿಸಿದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗುತ್ತವೆ. ಸ್ವೀಡನ್ನಿನ ಬೆರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳು ಬೆನ್ನ ಮೇಲೆ ಮಲಗಿ ಮೇಲೇರುವುದನ್ನು ಕಂಡು ಈ ಸೀಟಿನ ಮೊದಲ ಮಾದರಿ ಮಾಡಿದರಂತೆ. ವಿಶ್ವಸಂಸ್ಥೆಯ ಹೊಸ ನಿಯಮ 129ರ ಪ್ರಕಾರ ಹದಿನೈದು ತಿಂಗಳವರೆಗೆ ಹಿಂದಕ್ಕೆ ಮುಖ ಮಾಡಿಸುವುದು ಕಡ್ಡಾಯ. ಸ್ವೀಡನ್ನಿನವರು ನಾಲ್ಕು ವರ್ಷದವರೆಗೂ ಹಾಗೆಯೇ ಕೂರಿಸುತ್ತಾರೆ. ಮಗು ಅಳುತ್ತದೆ, ನಮ್ಮ ಮುಖ ಕಾಣುವುದಿಲ್ಲ ಎಂಬ ಕಾರಣಕ್ಕೆ ಸೀಟನ್ನು ಬೇಗ ತಿರುಗಿಸುವವರೇ ಎಲ್ಲ ದೇಶಗಳಲ್ಲೂ ಹೆಚ್ಚು.

ಅದಾದ ಮೇಲೆ ಐದು ಕಡೆ ಬಿಗಿಯುವ ಪಟ್ಟಿಯ, ಮುಂದಕ್ಕೆ ಮುಖ ಮಾಡಿದ ಸೀಟು, ಸುಮಾರು 18 ಕಿಲೋ ತೂಕದವರೆಗೆ. ಬೂಸ್ಟರಿನ ಸರದಿ ಹಳೆಯ ಅಳತೆಯಲ್ಲಿ 15ರಿಂದ 36 ಕಿಲೋ, ಅಂದರೆ ನಾಲ್ಕು ವರ್ಷದ ಸುಮಾರಿನಿಂದ ಹತ್ತು ಹನ್ನೆರಡರವರೆಗೆ. ಮುಗಿಸುವ ಗೆರೆ ಒಂದೊಂದು ದೇಶಕ್ಕೆ ಒಂದೊಂದು. ಬ್ರಿಟನ್ನಿನಲ್ಲಿ 135 ಸೆಂಟಿಮೀಟರ್ ಅಥವಾ ಹನ್ನೆರಡು ವರ್ಷ, ಯಾವುದು ಮೊದಲೋ ಅದು. ಯುರೋಪಿನ ಹಲವು ದೇಶಗಳಲ್ಲಿ 150 ಸೆಂಟಿಮೀಟರ್. ವಯಸ್ಸಿಗಿಂತ ಎತ್ತರವೇ ನಂಬಿಕೆಗೆ ಅರ್ಹ. ಬೆನ್ನು ಸೀಟಿಗೆ ಪೂರ್ತಿ ಒರಗಿ, ಮೊಣಕಾಲು ಸೀಟಿನ ಅಂಚಿನಲ್ಲಿ ಮಡಿದು, ಕೆಳಪಟ್ಟಿ ತೊಡೆಯ ಬುಡದಲ್ಲಿ, ಮೇಲ್ಪಟ್ಟಿ ಭುಜದ ನಡುವೆ ಇದ್ದು, ಊರು ಮುಟ್ಟುವವರೆಗೂ ಮಗು ಹಾಗೆಯೇ ಕೂರಬಲ್ಲದಾದರೆ ಬೂಸ್ಟರ್ ಬಿಡಬಹುದು. ಕೊನೆಯದೇ ಕಷ್ಟದ ಮಾತು. ಮೈಸೂರು ಬಿಡುವಾಗ ನೆಟ್ಟಗೆ ಕೂತ ಮಗು ಕಡಕೊಳ ದಾಟುವ ಹೊತ್ತಿಗೆ ಅರ್ಧ ಮಲಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸರಿಯಾಗಿ ಕೂರಿಸಿದ ಮಕ್ಕಳ ಸೀಟು ಶಿಶುಗಳ ಸಾವನ್ನು ಸುಮಾರು ಶೇ. 70ರಷ್ಟು, ಅದಕ್ಕಿಂತ ಸ್ವಲ್ಪ ದೊಡ್ಡ ಮಕ್ಕಳ ಸಾವನ್ನು ಶೇ. 54ರಿಂದ 80ರಷ್ಟು ಇಳಿಸಬಲ್ಲದು.

ಕಾನೂನು

ಭಾರತದಲ್ಲಿ ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾಗಿ ಬಂದದ್ದು 1994ರಲ್ಲಿ, ಹಿಂದಿನ ಸೀಟಿಗೆ 2002ರಲ್ಲಿ. ಮಕ್ಕಳ ಹೆಸರೆತ್ತಿ ದಂಡ ಹಾಕಿದ್ದು 2019ರ ತಿದ್ದುಪಡಿ. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಎರಡನೇ ಭಾಗದಂತೆ, ಹದಿನಾಲ್ಕು ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲೀ ಮಕ್ಕಳ ಸುರಕ್ಷಾ ಸೀಟಿನಿಂದಾಗಲೀ ಕಟ್ಟದೆ ಕಾರು ಓಡಿಸಿದರೆ ಸಾವಿರ ರೂಪಾಯಿ ದಂಡ. ತಪ್ಪು ಮಗುವಿನದಲ್ಲ, ಓಡಿಸುವವರದು. ಈ ವಾಕ್ಯದ ಬಲಹೀನತೆ ಅದರ ‘ಅಥವಾ’ದಲ್ಲಿದೆ. ಎರಡು ವರ್ಷದ ಕೂಸಿಗೆ ದೊಡ್ಡವರ ಬೆಲ್ಟನ್ನು ಸುತ್ತಿದರೂ ಕಾನೂನು ಪಾಲಿಸಿದಂತೆಯೇ. ಎತ್ತರದ ಮಾತಿಲ್ಲ, ತೂಕದ ಮಾತಿಲ್ಲ. ಬೂಸ್ಟರ್ ಬೇಕಾದ ವಯಸ್ಸೇ ಕಾನೂನಿನ ಕಣ್ಣಿಗೆ ಬಿದ್ದಿಲ್ಲ. ಮಕ್ಕಳ ಸೀಟಿನ ಗುಣಮಟ್ಟಕ್ಕೆ ಎಐಎಸ್ 072 ಎಂಬ ಭಾರತೀಯ ಮಾನದಂಡ ಇದೆ. ಅದನ್ನು ಯಾವ ಮಗುವಿಗೆ ಎಂದಿನವರೆಗೆ ಬಳಸಬೇಕೆಂದು ಈ ಕಲಮು ಹೇಳುವುದಿಲ್ಲ.

ಕರ್ನಾಟಕದಲ್ಲಿ ಹೊಸ ದಂಡಗಳಿಗೆ ಜನ ಸಿಟ್ಟಾದ್ದರಿಂದ ರಾಜ್ಯ ಸರ್ಕಾರ ಅದೇ ಸೆಪ್ಟೆಂಬರಿನಲ್ಲಿ ಹಲವು ದಂಡಗಳನ್ನು ಇಳಿಸಿತು. ಬೆಲ್ಟಿನದು 500ಕ್ಕೆ ಬಂತು. ಮತ್ತೆ ಗಾಳಿ ತಿರುಗಿದ್ದು ಉದ್ಯಮಿ ಸೈರಸ್ ಮಿಸ್ತ್ರಿ ಅವರ ಸಾವಿನಿಂದ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಅಪಘಾತವಾದಾಗ ಅವರು ಒಳ್ಳೆಯ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದರು. ಮುಂದೆ ಬೆಲ್ಟು ಹಾಕಿದ್ದ ಇಬ್ಬರು ಬದುಕಿದರು, ಹಿಂದಿದ್ದ ಇಬ್ಬರು ಉಳಿಯಲಿಲ್ಲ. ಅದೇ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸರು ಕಾರಿನಲ್ಲಿರುವ ಎಲ್ಲರಿಗೂ ಬೆಲ್ಟು ಕಡ್ಡಾಯವೆಂದು, ತಪ್ಪಿದರೆ ಸಾವಿರ ರೂಪಾಯಿ ದಂಡವೆಂದು ಆದೇಶ ಹೊರಡಿಸಿದರು. ಈಚೆಗೆ ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳು ಮುಂದಿನ ಗಾಜಿನೊಳಗೆ ಇಣುಕಿ ಬೆಲ್ಟಿಲ್ಲದವರಿಗೆ ನೋಟಿಸು ಕಳಿಸುತ್ತವೆ. ಹಿಂದಿನ ಸೀಟಿನ ಮಗು ಆ ಗಾಜಿಗೆ ಕಾಣುವುದಿಲ್ಲ.

ನೆರೆಯ ಕೇರಳದ ಕಥೆ ಇನ್ನೂ ಪಾಠ ಹೇಳುವಂಥದ್ದು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸಾರಿಗೆ ಇಲಾಖೆ ನಾಲ್ಕು ವರ್ಷದೊಳಗಿನವರಿಗೆ ಮಕ್ಕಳ ಸೀಟು, ಅದರ ಮೇಲಿನ ವಯಸ್ಸಿನ, 135 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಬೂಸ್ಟರ್ ಎಂದು ಪ್ರಕಟಿಸಿತು. ಡಿಸೆಂಬರಿನಿಂದ ದಂಡ ಎಂದಿತು. ಎತ್ತರದ ಮಾತನ್ನು ಸರಿಯಾಗಿ ಎತ್ತಿದ ಪ್ರಕಟಣೆ ಅದು. ದಿನಗಳೊಳಗೆ ಗದ್ದಲವೆದ್ದು, ಸಾರಿಗೆ ಸಚಿವ ಕೆ. ಬಿ. ಗಣೇಶ್ ಕುಮಾರ್ ಅವರೇ ಅದನ್ನು ಬಲವಂತವಾಗಿ ಜಾರಿ ಮಾಡುವುದಿಲ್ಲ ಎಂದರು.

ಗದ್ದಲ ನಮಗಷ್ಟೇ ಮೀಸಲಲ್ಲ. ಜಗತ್ತಿನಲ್ಲಿ ಮಕ್ಕಳ ಸೀಟಿಗೆ ಕಾನೂನು ಮಾಡಿದ ಮೊದಲ ನಾಡುಗಳಲ್ಲಿ ಒಂದು ಅಮೆರಿಕದ ಟೆನಸಿ ರಾಜ್ಯ. ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಅವರ ಹೋರಾಟದಿಂದ 1977ರಲ್ಲಿ ಅಲ್ಲಿ ಮಸೂದೆ ಪಾಸಾಯಿತು. ಪಾಸಾಗುವಾಗ ಶಾಸಕರು ಒಂದು ವಿನಾಯಿತಿ ತುರುಕಿದರು: ದೊಡ್ಡವರು ತೋಳಲ್ಲಿ ಹಿಡಿದ ಕೂಸಿಗೆ ಸೀಟು ಬೇಡ. ಸ್ಯಾಂಡರ್ಸ್ ಇದನ್ನು ಮಗುವನ್ನು ಜಜ್ಜುವ ತಿದ್ದುಪಡಿ ಎಂದು ಕರೆದರು. 1981ರಲ್ಲಿ ಅದನ್ನು ತೆಗೆದುಹಾಕಿದರು. ಮಡಿಲಿನ ಮೇಲಿನ ನಂಬಿಕೆ ಕಪಿಲಾ ತೀರದ್ದು ಮಾತ್ರವಲ್ಲ ಎಂಬುದಕ್ಕೆ ಇಷ್ಟು ಸಾಕು.

ನಕ್ಷತ್ರಗಳ ಮಾತು

2023ರ ಆಗಸ್ಟಿನಲ್ಲಿ ಉದ್ಘಾಟನೆಯಾಗಿ ಅಕ್ಟೋಬರ್ 1ರಿಂದ ಶುರುವಾದ ಭಾರತ್ ಎನ್‌ಕ್ಯಾಪ್ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಬಡಿಸಿ ನಕ್ಷತ್ರ ಕೊಡುತ್ತದೆ. ದೊಡ್ಡವರಿಗೊಂದು, ಮಕ್ಕಳಿಗೊಂದು ಎಂದು ಎರಡು ಅಂಕಪಟ್ಟಿ. ಮಕ್ಕಳದಕ್ಕೆ ಒಟ್ಟು 49 ಅಂಕ. ಅದರಲ್ಲಿ 24 ಢಿಕ್ಕಿಯದು, 12 ಮಕ್ಕಳ ಸೀಟು ಎಷ್ಟು ಚೆನ್ನಾಗಿ ಕೂರುತ್ತದೆ ಎಂಬುದರದು, 13 ಕಾರಿನ ಸೌಕರ್ಯದ್ದು. ಶೋರೂಮಿನಲ್ಲಿ ‘ಮಕ್ಕಳ ಸುರಕ್ಷೆಗೆ ಐದು ನಕ್ಷತ್ರ’ ಎಂದು ತೋರಿಸುವುದು ಇದನ್ನೇ. ಆ ಪರೀಕ್ಷೆಯಲ್ಲಿ ಇರುವುದು ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಅಳತೆಯ ಬೊಂಬೆಗಳು, ಎರಡನ್ನೂ ಮಕ್ಕಳ ಸೀಟಿನಲ್ಲಿ ಕೂರಿಸಿ ಕಟ್ಟಿರುತ್ತಾರೆ. ತೊಡೆಯ ಮೇಲೆ ಕೂತ ಬೊಂಬೆಗೆ ಅಂಕ ಕೊಡುವ ಪರೀಕ್ಷೆ ಎಲ್ಲೂ ಇಲ್ಲ. ಸೀಟು ಕೊಳ್ಳದೆ ಐದು ನಕ್ಷತ್ರದ ಕಾರು ಕೊಂಡವರು ಮಗುವಿನ ಪಾಲಿನ ನಕ್ಷತ್ರಗಳನ್ನು ಶೋರೂಮಿನಲ್ಲೇ ಬಿಟ್ಟು ಬಂದ ಹಾಗೆ. ಬೂಸ್ಟರ್ ವಯಸ್ಸಿನ ಮಕ್ಕಳ ಬೊಂಬೆಯೂ ಇಲ್ಲಿನ ಪರೀಕ್ಷೆಯಲ್ಲಿಲ್ಲ. ಯುರೋಪಿನಲ್ಲಿ 2016ರಿಂದ ಆರು ಮತ್ತು ಹತ್ತು ವರ್ಷದ ಅಳತೆಯ ಬೊಂಬೆಗಳನ್ನು ಬಳಸುತ್ತಾರೆ.

ಮನೆಯ ಕಾರು, ಬಾಡಿಗೆಯ ವ್ಯಾನು

ಬೆಲ್ಟಿನ ಮೊದಲ ಶತ್ರು ಸೀಟ್ ಕವರ್. ಕಾರು ಕೊಂಡ ವಾರದಲ್ಲೇ ಹೊಲಿಸುವ ರೆಕ್ಸಿನ್ ಹೊದಿಕೆಯ ಅಡಿಯಲ್ಲಿ ಹಿಂದಿನ ಸೀಟಿನ ಬಕಲ್‌ಗಳು ಹೂತುಹೋಗುತ್ತವೆ. ಐಸೋಫಿಕ್ಸ್ ಎಂಬ ಎರಡು ಕಬ್ಬಿಣದ ಬಳೆಗಳು, ಮಕ್ಕಳ ಸೀಟನ್ನು ನೇರವಾಗಿ ಕಾರಿನ ಚೌಕಟ್ಟಿಗೆ ಸಿಕ್ಕಿಸುವಂಥವು, ಸೀಟಿನ ಬೆನ್ನಿಗೂ ಪೀಠಕ್ಕೂ ನಡುವಿನ ಸಂದಿಯಲ್ಲಿ ಇದ್ದದ್ದೂ ಗೊತ್ತಾಗುವುದಿಲ್ಲ. ಎರಡನೆಯದು, ಬೆಲ್ಟು ಹಾಕದಿದ್ದಾಗ ಕೂಗುವ ಅಲಾರಮ್ಮಿನ ಬಾಯಿ ಮುಚ್ಚಿಸಲು ಬಕಲ್‌ಗೆ ತುರುಕುವ ನಕಲಿ ಕ್ಲಿಪ್ಪು. ಇದನ್ನು ಮಾರುತ್ತಿದ್ದ ಐದು ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಆದೇಶ ಕೊಟ್ಟು 13,118 ಮಾರಾಟದ ನಮೂದುಗಳನ್ನು ತೆಗೆಸಿತು. ಜೀವ ಉಳಿಸುವ ಸದ್ದನ್ನು ನಿಲ್ಲಿಸಲು ದುಡ್ಡು ಕೊಡುವವರೂ ಇದ್ದರು.

ಶಾಲೆಗೆ ಮಕ್ಕಳನ್ನು ತುಂಬಿಕೊಂಡು ಹೋಗುವ ಹಳೆಯ ಮಾರುತಿ ಓಮ್ನಿಗಳು, 2019ರಲ್ಲಿ ತಯಾರಿ ನಿಂತ ಮೇಲೂ, ಹಳ್ಳಿ ರಸ್ತೆಗಳಲ್ಲಿ ಓಡುತ್ತಿವೆ. ಎದುರುಬದುರು, ಅಡ್ಡಡ್ಡ ಹಾಕಿಸಿದ ಬೆಂಚುಗಳಲ್ಲಿ ಬೆಲ್ಟಿಗೂ ಬೂಸ್ಟರಿಗೂ ಜಾಗವಿಲ್ಲ. ಎರಡೂ ಕೆಲಸ ಮಾಡುವುದು ಮುಂದಕ್ಕೆ ಮುಖ ಮಾಡಿದ, ಮೂರು ಕಡೆಯ ಬೆಲ್ಟಿರುವ ಸೀಟಿನಲ್ಲಿ ಮಾತ್ರ. ಎಂಟು ಜನ ಹಿಡಿಸುವ ಬಾಡಿಗೆ ಕಾರಿನಲ್ಲಿ ಹನ್ನೆರಡು ಜನ ಹತ್ತಿದಾಗಲೂ ಅದೇ ಪಾಡು: ಇರುವ ಬೆಲ್ಟುಗಳಿಗಿಂತ ತಲೆಗಳು ಹೆಚ್ಚು, ಮೊದಲು ಬೆಲ್ಟು ತಪ್ಪುವುದು ಮಕ್ಕಳಿಗೆ.

ಇಷ್ಟೆಲ್ಲ ಹೇಳಿದ ಮೇಲೂ ಈ ತಾಲ್ಲೂಕುಗಳ ಬಹುಪಾಲು ಮಕ್ಕಳು ಓಡಾಡುವುದು ಬೈಕು, ಸ್ಕೂಟರುಗಳ ಮೇಲೆಯೇ. ಅವರಿಗಾಗಿ 2022ರ ಫೆಬ್ರವರಿಯಲ್ಲಿ ಹೊರಟು ಒಂದು ವರ್ಷದ ನಂತರ ಜಾರಿಯಾದ ಕೇಂದ್ರದ ನಿಯಮವೊಂದಿದೆ. ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಕಟ್ಟುವ ಪಟ್ಟಿ, ಒಂಬತ್ತು ತಿಂಗಳು ದಾಟಿದ್ದರೆ ಅಳತೆಗೆ ತಕ್ಕ ಹೆಲ್ಮೆಟು, 40 ಕಿಲೋಮೀಟರಿಗೆ ಮೀರದ ವೇಗ. ಪಟ್ಟಿ ಕಟ್ಟಿದ ಮಗುವನ್ನು ರಸ್ತೆಯಲ್ಲಿ ಕಾಣುವುದು ಅಪರೂಪ.

ಪರದೇಶದ ಸೀಟು ಊರಿಗೆ ಬಂದಾಗ

ಅಮೆರಿಕದಲ್ಲಿರುವ ಕನ್ನಡ ಸಂಸಾರಗಳಿಗೆ ಕಾರ್ ಸೀಟು ಹೆರಿಗೆಯ ಜೊತೆಗೇ ಬರುವ ವಸ್ತು. ಸೀಟು ತಂದಿದ್ದಾರೋ ಇಲ್ಲವೋ ನೋಡಿಯೇ ಕೂಸನ್ನು ಮನೆಗೆ ಕಳಿಸುವ ಆಸ್ಪತ್ರೆಗಳು ಅಲ್ಲಿ ಸಾಮಾನ್ಯ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2017ರಿಂದ ನಾಲ್ಕು ವರ್ಷದೊಳಗಿನವರಿಗೆ ಮಕ್ಕಳ ಸೀಟು ಕಡ್ಡಾಯ. ಹತ್ತು ವರ್ಷ ತುಂಬದ ಅಥವಾ 145 ಸೆಂಟಿಮೀಟರ್ ಮುಟ್ಟದ ಮಗು ಮುಂದಿನ ಸೀಟಿನಲ್ಲಿ ಕೂರುವಂತಿಲ್ಲ. ರಜೆಗೆ ಊರಿಗೆ ಬಂದ ಇದೇ ಮಕ್ಕಳು ಬೆಂಗಳೂರಿನ ವಿಮಾನ ನಿಲ್ದಾಣದಿಂದ ಹೊರಬಿದ್ದ ಗಳಿಗೆಯಿಂದ ಸೋದರಮಾವನ ತೊಡೆ ಏರುತ್ತಾರೆ. ಅಲ್ಲಿ ಅಳದೆ ಬೆಲ್ಟು ಹಾಕಿಕೊಳ್ಳುತ್ತಿದ್ದ ಮಗು ಇಲ್ಲಿ ‘ಬೇಡ’ ಎನ್ನಲು ಎರಡು ದಿನ ಸಾಕು.

ತಮ್ಮ ಸೀಟನ್ನೇ ವಿಮಾನದಲ್ಲಿ ಹೊತ್ತು ತರುವವರಿಗೆ ಒಂದು ತಾಂತ್ರಿಕ ತೊಡಕು ಎದುರಾಗುತ್ತದೆ. ಅಮೆರಿಕದ ಕಾರುಗಳ ಹಿಂದಿನ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಮಕ್ಕಳ ಸೀಟನ್ನು ಅಲುಗದಂತೆ ಕಟ್ಟಲು ಅಲ್ಲಿನವರು ನಂಬಿರುವುದು ಇದನ್ನೇ. ನಮ್ಮ ಕಾರುಗಳ ಬೆಲ್ಟು ಸಾಮಾನ್ಯವಾಗಿ ಜೋರಾಗಿ ಎಳೆದಾಗ ಮಾತ್ರ ಕಚ್ಚುತ್ತದೆ, ಉಳಿದಂತೆ ಸಡಿಲವಾಗಿಯೇ ಓಡಾಡುತ್ತದೆ. ಆದ್ದರಿಂದ ಸೀಟಿನಲ್ಲೇ ಬೆಲ್ಟನ್ನು ಅದುಮಿ ಹಿಡಿಯುವ ಬೀಗವಿದೆಯೇ, ಇಲ್ಲವೇ ಐಸೋಫಿಕ್ಸ್ ಬಳೆಗಳಿಗೆ ಸಿಕ್ಕುತ್ತದೆಯೇ ಎಂದು ನೋಡಿಕೊಂಡು ತರಬೇಕು. ಹಳೆಯ ಸೀಟನ್ನು ನೆಂಟರಿಂದ ಪಡೆಯುವವರು ಅದು ಒಮ್ಮೆ ಅಪಘಾತ ಕಂಡಿದೆಯೇ ಎಂದು ಕೇಳಬೇಕು. ಕಣ್ಣಿಗೆ ಕಾಣದ ಬಿರುಕು ಬಿಟ್ಟ ಪ್ಲಾಸ್ಟಿಕ್ಕು ಎರಡನೇ ಸಲ ನಿಲ್ಲುವುದಿಲ್ಲ. ಬೂಸ್ಟರಿಗೆ ಬಿಗಿತದ ತೊಡಕು ಇಲ್ಲ. ಓಡಾಡುವ ಬೆಲ್ಟೇ ಅದಕ್ಕೆ ಬೇಕಾದದ್ದು, ಮೂರು ಕಡೆಯ ಬೆಲ್ಟಿರುವ ಯಾವ ಕಾರಿಗಾದರೂ ಹೊಂದುತ್ತದೆ. ಬೆನ್ನಿಲ್ಲದ ಪೀಠವಾದರೆ ಸೂಟ್‌ಕೇಸಿನೊಳಗೇ ಹಿಡಿಸುತ್ತದೆ, ಊರಿನಲ್ಲಿ ಬಾಡಿಗೆಗೆ ಹಿಡಿದ ಟ್ಯಾಕ್ಸಿಯಿಂದ ಚಿಕ್ಕಪ್ಪನ ಕಾರಿಗೆ ಮಗುವೇ ಕೈಯಲ್ಲಿ ಹಿಡಿದು ಸಾಗಿಸಬಹುದು.